ಸೀಟು ಬಿಗಿಯೋ ಮೊದಲು ಲೆಕ್ಕ ಹಾಕಿ: ಹಳೇ ಕಾರಿಗೆ ರೇಸಿಂಗ್ ಸೀಟು

ನಮ್ಮ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ. ಹಳೇ ಜೆನ್, ಎಸ್ಟೀಮ್ ಅಥವಾ ಜಿಪ್ಸಿ ಇಟ್ಟುಕೊಂಡವರು ಕೇಳೋದು: "ಸೆಕೆಂಡ್ ಹ್ಯಾಂಡ್ ರೇಸಿಂಗ್ ಸೀಟ್ ಸಿಕ್ಕಿದೆ. ನಾಲ್ಕು ಬೋಲ್ಟ್ ತಾನೆ? ನಾವೇ ಹಾಕ್ಕೋಬಹುದಾ?"

ಹಾಕ್ಕೋಬಹುದು. ಬೋಲ್ಟೂ ನಾಲ್ಕೇ. ಆದರೆ ಆ ನಾಲ್ಕು ಬೋಲ್ಟಿನ ಹಿಂದೆ ನಾವು ಮೂರನೇ ಸೆಮಿಸ್ಟರಿನಲ್ಲಿ ಓದಿದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೂರ್ತಿ ಕೂತಿದೆ. ಪರೀಕ್ಷೆಯಲ್ಲಿ ಆ ಲೆಕ್ಕ ತಪ್ಪಿದರೆ ಐದು ಅಂಕ ಹೋಗುತ್ತೆ. ಕಾರಿನಲ್ಲಿ ತಪ್ಪಿದರೆ ಬೆನ್ನುಮೂಳೆ ಹೋಗುತ್ತೆ. ಅದಕ್ಕೇ ಈ ಸಂಚಿಕೆಯ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ. ಮೆಕ್ಯಾನಿಕಲ್‌ನವರು ಮಾತ್ರ ಅಂತಲ್ಲ, ಭೌತಶಾಸ್ತ್ರ ಓದಿದ ಯಾರು ಬೇಕಾದರೂ ಇದನ್ನು ಹಿಂಬಾಲಿಸಬಹುದು. ಪೆನ್ನು, ಕಾಗದ, ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಸೀಟು ಅಂದರೆ ಕೂರುವ ಕುರ್ಚಿ ಅಂತ ನಾವು ಅಂದುಕೊಂಡಿರುತ್ತೇವೆ. ಕಾರು ಓಡುತ್ತಿರುವಾಗ ಅದು ಕುರ್ಚಿಯೇ. ಕಾರು ಗುದ್ದಿದ ಆ ಹತ್ತನೇ ಒಂದು ಸೆಕೆಂಡಿನಲ್ಲಿ ಅದು ಮೈಯನ್ನೂ ಚಾಸಿಯನ್ನೂ ಜೋಡಿಸುವ ಕೊಂಡಿ. ಕೊಂಡಿಯ ಲೆಕ್ಕ ಹಾಕದೆ ಸೀಟು ಹಾಕಬಾರದು.

1. ನಮ್ಮೂರಿನ ರನ್‌ವೇಯಿಂದ ಒಂದು ಹೋಲಿಕೆ

ಇಸ್ರೋದ ರೆಕ್ಕೆ ಇರುವ ಮರುಬಳಕೆ ವಾಹನ 'ಪುಷ್ಪಕ್' ನಮ್ಮ ಚಳ್ಳಕೆರೆ ತಾಲ್ಲೂಕಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲೇ ಇಳಿಯೋದು ಕಲಿತದ್ದು. ಮೊದಲ ಇಳಿಕೆ 2023ರ ಏಪ್ರಿಲ್ 2ರಂದು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಮೇಲಕ್ಕೆ ಒಯ್ದು ಬಿಟ್ಟಿತು, ಅದು ತಾನಾಗಿ ಬಂದು ರನ್‌ವೇ ಮುಟ್ಟಿತು. 2024ರ ಜೂನ್ 23ರ ಮೂರನೇ ಪ್ರಯೋಗದಲ್ಲಿ ಅದು ನೆಲ ಮುಟ್ಟಿದ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು. ಬ್ರೇಕ್ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಸುಮಾರು 100ಕ್ಕೆ ಇಳಿಸಿ, ಆಮೇಲೆ ಚಕ್ರದ ಬ್ರೇಕ್ ಹಾಕಿ ನಿಲ್ಲಿಸಿದರು.

ಈಗ ಒಂದು ಲೆಕ್ಕ. ಗಂಟೆಗೆ 320 ಕಿ.ಮೀ. ಅಂದರೆ ಸೆಕೆಂಡಿಗೆ 88.9 ಮೀಟರ್. ಈ ವೇಗದ ಒಂದು ವಾಹನವನ್ನು ಒಂದು ಕಿಲೋಮೀಟರ್ ಉದ್ದದಲ್ಲಿ ನಿಲ್ಲಿಸುತ್ತೇವೆ ಅಂದುಕೊಳ್ಳಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ: 7,900 ಭಾಗಿಸು 2,000, ಅಂದರೆ ಸುಮಾರು 4 ಮೀ/ಸೆ². ಗುರುತ್ವಕ್ಕೆ ಹೋಲಿಸಿದರೆ 0.4 ಜಿ. ಒಳಗೆ ಯಾರಾದರೂ ಕೂತಿದ್ದರೆ ಜೋರಾಗಿ ಬ್ರೇಕ್ ಹಾಕಿದ ಬಸ್ಸಿನಲ್ಲಿ ಇದ್ದ ಹಾಗೆ ಅನಿಸುತ್ತಿತ್ತು, ಅಷ್ಟೆ.

ಈಗ ಹಿರಿಯೂರು–ಚಳ್ಳಕೆರೆ–ಬಳ್ಳಾರಿ ಹೆದ್ದಾರಿಗೆ ಬನ್ನಿ. ಗಂಟೆಗೆ ಬರೀ 50 ಕಿ.ಮೀ.ನಲ್ಲಿ ಹೋಗುತ್ತಿರುವ ಹಳೇ ಕಾರು ಕಲ್ಲಿನ ಗೋಡೆಯಂಥದ್ದಕ್ಕೆ ಗುದ್ದಿತು. ಮೂತಿ ನಜ್ಜುಗುಜ್ಜಾಗಿ ಕಾರು ನಿಂತ ದೂರ 0.6 ಮೀಟರ್ ಅಂತ ಇಟ್ಟುಕೊಳ್ಳೋಣ. ವೇಗ ಸೆಕೆಂಡಿಗೆ 13.9 ಮೀಟರ್. 193 ಭಾಗಿಸು 1.2, ಅಂದರೆ 161 ಮೀ/ಸೆ². ಸುಮಾರು 16 ಜಿ.

70 ಕೆ.ಜಿ.ಯ ಚಾಲಕನನ್ನು ಹಿಡಿದು ನಿಲ್ಲಿಸೋಕೆ ಬೇಕಾದ ಬಲ 70 × 161, ಅಂದರೆ 11.3 ಕಿಲೋನ್ಯೂಟನ್. ನಮ್ಮ ಮಾರುಕಟ್ಟೆಯ ಭಾಷೆಯಲ್ಲಿ ಹೇಳಬೇಕೆಂದರೆ ಹನ್ನೊಂದೂವರೆ ಕ್ವಿಂಟಾಲ್ ಶೇಂಗಾ ಒಟ್ಟಿಗೆ ಎದೆಗೆ ಬಂದು ಒತ್ತಿದ ಹಾಗೆ. ಅದೂ ಸರಾಸರಿ ಲೆಕ್ಕ. ನಿಜವಾದ ಡಿಕ್ಕಿಯಲ್ಲಿ ಒಂದು ಕ್ಷಣದ ಗರಿಷ್ಠ ಬಲ ಇದಕ್ಕಿಂತ ಮೇಲೆ ಹೋಗುತ್ತೆ.

ಅಪಾಯ ವೇಗದಲ್ಲಿ ಇರೋದಕ್ಕಿಂತ ಹೆಚ್ಚಾಗಿ ನಿಲ್ಲುವ ದೂರದಲ್ಲಿ ಇರುತ್ತೆ. ಹಾಗಾಗಿ "ನಾವು ಕಾಲೇಜಿನಿಂದ ಪೇಟೆಗೆ ಹೋಗೋದು, ಸ್ಪೀಡ್ ಹೊಡೆಯಲ್ಲ" ಅನ್ನೋ ಸಮಾಧಾನ ಇಲ್ಲಿ ನಡೆಯೋದಿಲ್ಲ.

2. ಬಲ ಯಾವ ದಾರಿಯಲ್ಲಿ ಹೋಗುತ್ತೆ?

ಈ 11.3 ಕಿಲೋನ್ಯೂಟನ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬೆರಳಿಟ್ಟು ನೋಡಬೇಕು.

ಮುಂದಿನಿಂದ ಡಿಕ್ಕಿಯಾದರೆ ಮೈ ಮುಂದಕ್ಕೆ ನುಗ್ಗುತ್ತೆ, ಅದನ್ನು ಹಿಡಿಯೋದು ಬೆಲ್ಟು. ಬೆಲ್ಟಿನ ತುದಿಗಳು ನೇರವಾಗಿ ಕಾರಿನ ಬಾಡಿಗೆ ಬಿಗಿದಿದ್ದರೆ ಸೀಟಿನ ಬೋಲ್ಟಿಗೆ ಸೀಟಿನ ತೂಕದ ಬಲ ಮಾತ್ರ ಬರುತ್ತೆ. 10 ಕೆ.ಜಿ. ಸೀಟಿಗೆ 1.6 ಕಿಲೋನ್ಯೂಟನ್, ದೊಡ್ಡದೇನಲ್ಲ.

ಹಿಂದಿನಿಂದ ಲಾರಿ ಗುದ್ದಿದರೆ ಕಥೆ ಬೇರೆ. ಬೆಲ್ಟಿಗೆ ಕೆಲಸ ಕಡಿಮೆ. ಮೈ ಪೂರ್ತಿ ಸೀಟಿನ ಬೆನ್ನಿಗೆ ಒರಗಿ ತಳ್ಳುತ್ತೆ. ಪಕ್ಕದಿಂದ ಗುದ್ದಿದರೂ ಹಾಗೇ, ಸೀಟಿನ ರೆಕ್ಕೆಗಳೇ ಮೈಯನ್ನು ಹಿಡಿಯಬೇಕು. ಆಗ ಸೀಟಿನ ನಾಲ್ಕು ಬೋಲ್ಟುಗಳೇ ಗತಿ.

ಇಲ್ಲಿ ಎಷ್ಟೋ ಜನ ನೋಡದೆ ಬಿಡುವ ವಿಷಯ ಒಂದಿದೆ. ಬೆಲ್ಟಿನ ಬಕಲ್ ಎಲ್ಲಿದೆ? ಕೆಲವು ಕಾರುಗಳಲ್ಲಿ ಅದು ನೆಲಕ್ಕೆ ಅಥವಾ ನಡುವಿನ ಟನಲ್‌ಗೆ ಬಿಗಿದಿರುತ್ತೆ. ಇನ್ನು ಕೆಲವು ಕಾರುಗಳಲ್ಲಿ ಅದು ಸೀಟಿನ ಒಳಮಗ್ಗುಲ ರೈಲಿಗೇ ಬಿಗಿದಿರುತ್ತೆ. ಎರಡನೇ ಬಗೆಯ ಕಾರಿನಲ್ಲಿ ಹಳೇ ಸೀಟು ಬಿಚ್ಚಿದರೆ ಬಕಲ್ಲೂ ಅದರ ಜೊತೆಗೇ ಬರುತ್ತೆ. ಹೊಸ ಸೀಟಿನ ಬ್ರಾಕೆಟ್‌ಗೆ ಅದನ್ನು ಸಿಕ್ಕಿಸಿದಿರಿ ಅಂದರೆ, ಬೆಲ್ಟಿನ ಬಲದ ದೊಡ್ಡ ಪಾಲು ನೀವು ಮಾಡಿಸಿದ ಬ್ರಾಕೆಟ್‌ ಮೂಲಕ ನೀವು ಹಾಕಿದ ಬೋಲ್ಟಿಗೆ ಬರುತ್ತೆ. ಸ್ಪ್ಯಾನರ್ ಹಿಡಿಯೋ ಮೊದಲು ಬಗ್ಗಿ ಬಕಲ್ ನೋಡಿ.

3. ಬೋಲ್ಟು ಗಟ್ಟಿ, ತಗಡು ತೆಳು

ಈ ಪಾಠದ ಹೃದಯ ಇದೇ ಭಾಗ.

ಎಂ8 ಬೋಲ್ಟು, ತಲೆಯ ಮೇಲೆ 8.8 ಅಂತ ಒತ್ತಿರುವುದು. ಅದರ ಎಳೆ ಇರುವ ಭಾಗದ ಅಡ್ಡಕೊಯ್ತ 36.6 ಚದರ ಮಿ.ಮೀ. 8.8 ದರ್ಜೆಯ ಉಕ್ಕು ತಡೆಯೋದು ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್. ಗುಣಿಸಿದರೆ 29 ಕಿಲೋನ್ಯೂಟನ್. ಸುಮಾರು ಮೂರು ಟನ್! ಒಂದೇ ಬೋಲ್ಟಿಗೆ! ಹಾಗಿದ್ದರೆ ಚಿಂತೆ ಯಾಕೆ?

ಚಿಂತೆ ಬೋಲ್ಟಿನದ್ದಲ್ಲ. ಆ ಬೋಲ್ಟು ಯಾವುದರೊಳಗೆ ಹಾದು ಹೋಗಿದೆ? ಕಾರಿನ ನೆಲದ ತಗಡು. ಅದರ ದಪ್ಪ 0.8 ಮಿ.ಮೀ. ಅಂತ ತೆಗೆದುಕೊಳ್ಳೋಣ. ಕೆಳಗಡೆ ಮಾಮೂಲಿ ವಾಷರ್ ಹಾಕಿದ್ದೇವೆ, ಹೊರವ್ಯಾಸ 16 ಮಿ.ಮೀ. ಬೋಲ್ಟನ್ನು ಮೇಲಕ್ಕೆ ಎಳೆದಾಗ ವಾಷರಿನ ಅಂಚಿನ ಸುತ್ತ ತಗಡು ಕತ್ತರಿಸಿಕೊಂಡು ಬರಬೇಕು. ಸುತ್ತಳತೆ 50 ಮಿ.ಮೀ., ದಪ್ಪ 0.8, ಹಾಗಾಗಿ ಕತ್ತರಿಸಬೇಕಾದ ವಿಸ್ತೀರ್ಣ 40 ಚದರ ಮಿ.ಮೀ. ಮೈಲ್ಡ್ ಸ್ಟೀಲ್ ತಗಡು ಕತ್ತರಿ ಬಲಕ್ಕೆ ತಡೆಯೋದು ಪ್ರತಿ ಚದರ ಮಿ.ಮೀ.ಗೆ ಸುಮಾರು 180 ನ್ಯೂಟನ್. ಅಂದರೆ 7.2 ಕಿಲೋನ್ಯೂಟನ್‌ಗೆ ತಗಡು ಹರಿದು ವಾಷರ್ ಸಮೇತ ಬೋಲ್ಟು ಮೇಲೆ ಬರುತ್ತೆ.

ಬೋಲ್ಟಿನ ಶಕ್ತಿಯ ಕಾಲು ಭಾಗಕ್ಕೇ ನೆಲ ಕೈಕೊಟ್ಟಿತು. ತುಕ್ಕು ಹಿಡಿದು ತಗಡು ಅರ್ಧ ಸವೆದಿದ್ದರೆ? 3.6 ಕಿಲೋನ್ಯೂಟನ್. ಹಳೇ ಕಾರು ಅಂದ ಮೇಲೆ ಮ್ಯಾಟಿನ ಕೆಳಗೆ ತುಕ್ಕು ಇದ್ದೇ ಇರುತ್ತೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಈ ಬೋಲ್ಟಿಗೆ ನಿಜವಾಗಿ ಎಷ್ಟು ಎಳೆತ ಬರುತ್ತೆ ನೋಡೋಣ. ಹಿಂದಿನಿಂದ 15 ಜಿ ಡಿಕ್ಕಿ. ಸೀಟಿನ ಬೆನ್ನನ್ನು ತಳ್ಳುವ ಮೇಲ್ಮೈ ತೂಕ 45 ಕೆ.ಜಿ. ಬಲ 6.6 ಕಿಲೋನ್ಯೂಟನ್. ಅದು ಬೋಲ್ಟುಗಳ ಮಟ್ಟದಿಂದ 0.45 ಮೀಟರ್ ಮೇಲೆ ತಳ್ಳುತ್ತಿದೆ. ಉರುಳಿಸುವ ಮೊಮೆಂಟ್ ಸುಮಾರು 3 ಕಿಲೋನ್ಯೂಟನ್ ಮೀಟರ್. ಮುಂದಿನ ಮತ್ತು ಹಿಂದಿನ ಬೋಲ್ಟುಗಳ ನಡುವೆ 0.35 ಮೀಟರ್ ಇದ್ದರೆ, ಮುಂದಿನ ಎರಡು ಬೋಲ್ಟು ಸೇರಿ ತಡೆಯಬೇಕಾದ ಎಳೆತ 8.5. ಒಂದೊಂದಕ್ಕೆ 4.2 ಕಿಲೋನ್ಯೂಟನ್.

ಹೊಸ ತಗಡಾದರೆ ತಡೆಯಿತು. ತುಕ್ಕು ತಿಂದ ತಗಡಾದರೆ ಸೀಟು ಹಿಂದಕ್ಕೆ ಉರುಳಿತು.

ಇನ್ನು ಬೆಲ್ಟೂ ಸೀಟಿಗೇ ಬಿಗಿದಿದ್ದು, ಮುಂದಿನಿಂದ ಡಿಕ್ಕಿಯಾದರೆ? 11.3 ಕಿಲೋನ್ಯೂಟನ್, ಎತ್ತರ 0.4 ಮೀಟರ್. ಈ ಸಲ ಹಿಂದಿನ ಬೋಲ್ಟುಗಳು ಮೇಲೇಳುತ್ತವೆ, ಒಂದೊಂದಕ್ಕೆ 6.5. ಒಳ್ಳೆಯ ತಗಡಿನ ಮಿತಿ 7.2! ಎರಡು ಕಡೆಗೂ ಬಲ ಸಮನಾಗಿ ಹಂಚಿಹೋಗುತ್ತೆ ಅಂತ ನಾವು ಲೆಕ್ಕದಲ್ಲಿ ಹಿಡಿದಿದ್ದೇವೆ. ನಿಜದಲ್ಲಿ ಒಂದು ಮೂಲೆಗೆ ಯಾವಾಗಲೂ ಜಾಸ್ತಿ ಬೀಳುತ್ತೆ. ಹಾಗಾಗಿ ಇದು ಉಳಿಯಲ್ಲ.

ಪರಿಹಾರ ಏನು? ಬೋಲ್ಟು ದಪ್ಪ ಮಾಡೋದಲ್ಲ. ಎಂ8 ತೆಗೆದು ಎಂ12 ಹಾಕಿದರೂ ತಗಡು ಅದೇ. ಬಲವನ್ನು ತಗಡಿನ ದೊಡ್ಡ ಜಾಗಕ್ಕೆ ಹರಡಬೇಕು. ವಾಷರ್ ಬದಲು 65 × 65 ಮಿ.ಮೀ., 3 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಇಡಿ. ಸುತ್ತಳತೆ 260 ಮಿ.ಮೀ. ಅದೇ 0.8 ತಗಡು, ಅದೇ 180. ಉತ್ತರ 37 ಕಿಲೋನ್ಯೂಟನ್. ಈಗ ಬೋಲ್ಟಿಗಿಂತ ನೆಲ ಗಟ್ಟಿಯಾಯಿತು. ಖರ್ಚು? ನಾಲ್ಕು ತುಂಡು ಪ್ಲೇಟು.

ಎಣ್ಣೆ ಮಿಲ್ಲಿನ ಫಿಟ್ಟರ್‌ಗಳಿಗೆ ಇದು ಹೊಸ ವಿಷಯವೇ ಅಲ್ಲ. ದೊಡ್ಡ ಯಂತ್ರ ಕೂರಿಸುವಾಗ ಫೌಂಡೇಶನ್ ಬೋಲ್ಟಿನ ಬುಡಕ್ಕೆ ಪ್ಲೇಟು ಹಾಕಿಯೋ ಬುಡ ಬಗ್ಗಿಸಿಯೋ ಕಾಂಕ್ರೀಟಿನಲ್ಲಿ ಹೂಳುತ್ತಾರೆ. ತತ್ವ ಒಂದೇ: ಬೋಲ್ಟು ಹಿಡಿಯೋದು ತನ್ನ ಬಲದಿಂದಲ್ಲ, ತಾನು ಹಿಡಿದಿರುವ ಜಾಗದ ಬಲದಿಂದ.

4. ನಿಯಮದ ಪುಸ್ತಕ ಏನು ಹೇಳುತ್ತೆ

ಮೇಲಿನ ಲೆಕ್ಕ ಗೊತ್ತಾದ ಮೇಲೆ ನಿಯಮ ಬಾಯಿಪಾಠ ಮಾಡಬೇಕಿಲ್ಲ, ತಾನಾಗಿ ಅರ್ಥವಾಗುತ್ತೆ. ಅಂತರರಾಷ್ಟ್ರೀಯ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್ಐಎ ತನ್ನ ಅನುಬಂಧ ಜೆ, 253ನೇ ವಿಧಿಯಲ್ಲಿ ಹೇಳೋದು ಇಷ್ಟು:

• ಸೀಟಿನ ಬ್ರಾಕೆಟ್ ಬಾಡಿಗೆ ಕನಿಷ್ಠ ನಾಲ್ಕು ಕಡೆ ಬಿಗಿದಿರಬೇಕು. ಬೋಲ್ಟು ಕನಿಷ್ಠ 8 ಮಿ.ಮೀ.
• ಪ್ರತಿ ಬೋಲ್ಟಿನ ಕೆಳಗೂ ಕೌಂಟರ್ ಪ್ಲೇಟ್. ಹಿಡಿಯುವ ಜಾಗ ಕನಿಷ್ಠ 40 ಚದರ ಸೆಂ.ಮೀ.
• ಬ್ರಾಕೆಟ್ ಮತ್ತು ಪ್ಲೇಟಿನ ದಪ್ಪ ಉಕ್ಕಾದರೆ 3 ಮಿ.ಮೀ., ಅಲ್ಯೂಮಿನಿಯಂನಂಥ ಹಗುರ ಲೋಹವಾದರೆ 5 ಮಿ.ಮೀ.
• ಸೀಟು ಬ್ರಾಕೆಟ್‌ಗೆ ನಾಲ್ಕು ಕಡೆ, ಮುಂದೆ ಎರಡು, ಹಿಂದೆ ಎರಡು.
• ಪ್ರತಿ ಬಿಂದು ಯಾವ ದಿಕ್ಕಿನಿಂದ ಬಂದರೂ 15,000 ನ್ಯೂಟನ್ ತಡೆಯಬೇಕು.

ನಮ್ಮ 65 × 65 ಪ್ಲೇಟು 42 ಚದರ ಸೆಂ.ಮೀ. ಆಗುತ್ತೆ, ಅಂದರೆ ನಿಯಮದೊಳಗೇ ಇದೆ. ಇನ್ನು 15 ಕಿಲೋನ್ಯೂಟನ್ ಅನ್ನು ಬೋಲ್ಟಿನ ದರ್ಜೆಗೆ ಹೋಲಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟಿಗೆ, ಬೇಲಿಗೆ ಕೊಡುವ 4.6 ದರ್ಜೆಯ ಎಂ8 ಬೋಲ್ಟು 14.6ಕ್ಕೇ ಮುರಿಯುತ್ತೆ. ನೋಡೋಕೆ ಎರಡೂ ಒಂದೇ ಥರ. ತಲೆಯ ಮೇಲಿನ ಗುರುತು ಒಂದೇ ವ್ಯತ್ಯಾಸ. ಗುರುತು ಇಲ್ಲದ ಬೋಲ್ಟನ್ನು ಅಂಗಡಿಯವರು ಎಷ್ಟೇ ಹೊಗಳಲಿ, ವಾಪಸ್ ಕೊಡಿ.

ರಸ್ತೆ ಕಾರುಗಳ ಸೀಟಿಗೂ ಪರೀಕ್ಷೆ ಇದೆ. ವಿಶ್ವಸಂಸ್ಥೆಯ 17ನೇ ನಿಯಮದ ಪ್ರಕಾರ ಸೀಟು ಮತ್ತು ಅದರ ಬಂಧ 20 ಜಿ ಆಘಾತವನ್ನು 30 ಮಿಲಿಸೆಕೆಂಡ್ ತಡೆಯಬೇಕು. ಕಾರ್ಖಾನೆಯ ಸೀಟನ್ನು "ಸಾಧಾರಣ ಸೀಟು" ಅಂತ ಹೀಗಳೆಯೋ ಮೊದಲು, ನಾವು ಹಾಕಲಿರುವುದು ಆ ಪರೀಕ್ಷೆಯಲ್ಲಿ ಉಳಿಯುತ್ತಾ ಅಂತ ಕೇಳಿಕೊಳ್ಳಬೇಕು.

5. ಮೂರು ಬಗೆಯ ಹಳೇ ಕಾರು

ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಕಾರು ಅಂತ ಹುಟ್ಟಿದ್ದೇ ಕಡಿಮೆ. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾದ ಎರಡೇ ಸೀಟಿನ ಸ್ಯಾನ್ ಸ್ಟಾರ್ಮ್ ಅಂಥ ಅಪರೂಪದ ಒಂದು. ಉಳಿದಂತೆ ನಮ್ಮ ಕರ್ನಾಟಕದ ಕೆ-1000ದಂಥ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದ್ದು ಜಿಪ್ಸಿ, ಎಸ್ಟೀಮ್‌ನಂಥ ಮನೆ ಕಾರುಗಳೇ. ಅದಕ್ಕೆ ಮೂರು ಬಗೆ ಮಾಡಿಕೊಂಡು ನೋಡೋಣ.

ತಗಡಿನ ಮೊನೊಕಾಕ್: ಜೆನ್, ಎಸ್ಟೀಮ್ ಇದಕ್ಕೆ ಸೇರುತ್ತವೆ. ನೆಲದ ತಗಡಿನ ಅಡ್ಡಕ್ಕೆ ಡಬ್ಬಿ ಆಕಾರದ ಕ್ರಾಸ್ ಮೆಂಬರ್ ಇರುತ್ತೆ. ಕಂಪನಿ ಸೀಟಿನ ಬೋಲ್ಟು ಬರೋದು ಇಂಥ ಬಲಪಡಿಸಿದ ಜಾಗಕ್ಕೆ. ಆ ಮೂಲ ತೂತುಗಳನ್ನೇ ಬಳಸಿ, ಅವಕ್ಕೆ ಹೊಂದುವ ಹಾಗೆ ಬ್ರಾಕೆಟ್ ಫ್ರೇಮ್ ಮಾಡಿಸೋದು ಎಲ್ಲಕ್ಕಿಂತ ಒಳ್ಳೆಯ ದಾರಿ. ಹೊಸ ತೂತು ಕೊನೆಯ ಉಪಾಯ. ಟೊಳ್ಳು ಡಬ್ಬಿಯ ಮೂಲಕ ಬೋಲ್ಟು ಹಾಯಿಸಲೇಬೇಕಾದರೆ ಒಳಗೆ ಉಕ್ಕಿನ ಕೊಳವೆ ತುಂಡು ಕೂರಿಸಿ ಬೆಸುಗೆ ಹಾಕಿಸಿ. ಇಲ್ಲಾಂದ್ರೆ ಬೋಲ್ಟು ಬಿಗಿದಷ್ಟೂ ಡಬ್ಬಿ ಚಪ್ಪಟೆಯಾಗುತ್ತೆ, ಬೋಲ್ಟು ಬಿಗಿಯಾದ ಹಾಗೆ ಕಾಣುತ್ತೆ ಅಷ್ಟೆ.

ಚಾಸಿ ಮೇಲೆ ಬಾಡಿ: ಜಿಪ್ಸಿ ಈ ಬಗೆ. ಕೆಳಗೆ ಗಟ್ಟಿ ಚಾಸಿ ಇದೆ ಅನ್ನೋದು ನಿಜ, ಆದರೆ ಸೀಟು ಕೂತಿರೋದು ಬಾಡಿಯ ನೆಲದ ಮೇಲೆ. ನಡುವೆ ರಬ್ಬರ್ ಮೌಂಟ್ ಇದೆ. ಸೀಟನ್ನು ಬಾಡಿಗೆ, ಬೆಲ್ಟನ್ನು ಚಾಸಿಗೆ ಬಿಗಿದರೆ ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಎರಡೂ ಒಂದೇ ಕಡೆ ಇರಲಿ.

ಫೈಬರ್‌ಗ್ಲಾಸ್ ಬಾಡಿ: ಸ್ಯಾನ್ ಸ್ಟಾರ್ಮ್‌ನಂಥದ್ದು. ಫೈಬರ್‌ಗ್ಲಾಸ್ ಬಗ್ಗೋದಿಲ್ಲ, ಸೀಳುತ್ತೆ. ತಗಡಿನ ಲೆಕ್ಕ ಇಲ್ಲಿ ನಡೆಯಲ್ಲ. ಬೋಲ್ಟು ಫೈಬರ್ ದಾಟಿ ಕೆಳಗಿನ ಉಕ್ಕಿನ ರಚನೆಗೆ ತಲುಪಲೇಬೇಕು.

6. ಕೂರಿಸುವ ಕ್ರಮ

ಮೊದಲು ಸೀಟು ನಿಮ್ಮ ಮೈಗೆ ಹೊಂದುತ್ತಾ ನೋಡಿ. ಸೊಂಟ ಸಡಿಲವಾಗಿದ್ದರೆ ರೆಕ್ಕೆ ಇದ್ದೂ ಉಪಯೋಗವಿಲ್ಲ. ಸೀಟಿನ ಮೇಲಿನ ಎಫ್ಐಎ ಲೇಬಲ್ ಓದಿ. 8855-1999 ಗುಣಮಟ್ಟದ ಸೀಟಿಗೆ ತಯಾರಾದ ವರ್ಷದಿಂದ 5 ವರ್ಷದ ಆಯಸ್ಸು. ಸ್ಪರ್ಧೆಗೆ ಹೋಗದಿದ್ದರೂ ಹಳೇ ಸೀಟಿನ ಚಿಪ್ಪನ್ನು ಬಟ್ಟೆ ಬಿಚ್ಚಿ, ಬೋಲ್ಟಿನ ಸುತ್ತ ಕೂದಲೆಳೆ ಬಿರುಕು ಇದೆಯಾ ಅಂತ ನೋಡಲೇಬೇಕು. ಲೇಬಲ್ಲೇ ಇಲ್ಲದ, ಭುಜದ ಹತ್ತಿರ ಅಲಂಕಾರಕ್ಕೆ ಎರಡು ತೂತು ಇರುವ ಸೀಟುಗಳೂ ಮಾರುಕಟ್ಟೆಯಲ್ಲಿವೆ. ಅವು ಸೋಫಾ ಲೆಕ್ಕಕ್ಕೆ ಸೇರಿದವು.

ಬೋಲ್ಟು ಬಿಗಿಯದೆ ಮರದ ತುಂಡುಗಳ ಮೇಲೆ ಸೀಟು ಇಟ್ಟು ಕೂತು ನೋಡಿ. ಬೆನ್ನು ಸೀಟಿಗೆ ತಾಗಿರುವಾಗಲೇ ಚಾಚಿದ ಕೈಯ ಮಣಿಕಟ್ಟು ಸ್ಟಿಯರಿಂಗ್ ಮೇಲ್ತುದಿಗೆ ಬರಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಹೆಲ್ಮೆಟ್ ಹಾಕಿಕೊಂಡು ಕೂತು ತಲೆ ಮೇಲಿನ ಜಾಗ ಅಳೆಯಿರಿ. ಫಾರ್ಮುಲಾ ಸ್ಟೂಡೆಂಟ್ ನಿಯಮದಲ್ಲಿ ಹೆಲ್ಮೆಟ್ ಮತ್ತು ರೋಲ್ ಹೂಪ್‌ಗಳ ರೇಖೆಯ ನಡುವೆ 50 ಮಿ.ಮೀ. ಅಂತರ ಕೇಳುತ್ತಾರೆ, ಅದನ್ನೇ ಕನಿಷ್ಠ ಅಂತ ಇಟ್ಟುಕೊಳ್ಳಬಹುದು.

ಬ್ರಾಕೆಟ್ ಆದಷ್ಟು ಗಿಡ್ಡ ಇರಲಿ. ಎತ್ತರ ಹೆಚ್ಚಿದಷ್ಟೂ ಮೊಮೆಂಟ್ ಹೆಚ್ಚು ಅಂತ ಮೇಲೆ ನೋಡಿದೆವು. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ವೆಲ್ಡರ್‌ಗಳು ದಪ್ಪ ಆ್ಯಂಗಲ್‌ಗೆ ಹಾಕುವ ಬೆಸುಗೆ ಚೆನ್ನಾಗಿರುತ್ತೆ. ಆದರೆ ಅದೇ ರಾಡ್ ವೆಲ್ಡಿಂಗ್ 0.8 ತಗಡಿಗೆ ಹಿಡಿದರೆ ತೂತಾಗುತ್ತೆ. ತಗಡಿನ ಕೆಲಸ ಇದ್ದರೆ ಸಿಒ2 ವೆಲ್ಡಿಂಗ್ ಇರುವ ಕಡೆಗೆ ಹೋಗಿ, ಬ್ಯಾಟರಿ ಬಿಚ್ಚಿಟ್ಟೇ ಶುರು ಮಾಡಿ.

ಡ್ರಿಲ್ ಹಿಡಿಯೋ ಮೊದಲು ಕಾರಿನ ಕೆಳಗೆ ಮಲಗಿ ನೋಡಿ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ನೆಲದ ಉದ್ದಕ್ಕೂ ಹೋಗಿರುತ್ತವೆ. ಒಬ್ಬರು ಒಳಗೆ, ಒಬ್ಬರು ಹೊರಗೆ ಇರಲಿ. ಮೊದಲು ಚಿಕ್ಕ ತೂತು, ಆಮೇಲೆ ದೊಡ್ಡದು. ಕೊರೆದ ಅಂಚಿಗೆ ಪ್ರೈಮರ್ ಬಳಿಯಿರಿ, ಪ್ಲೇಟಿನ ಮೂಲೆ ಉಜ್ಜಿ ದುಂಡಗೆ ಮಾಡಿ. ಚೂಪು ಮೂಲೆಯೇ ತಗಡು ಹರಿಯೋಕೆ ಕತ್ತರಿಯಾಗುತ್ತೆ.

ನಾಲ್ಕೂ ಬೋಲ್ಟು ಬೆರಳಲ್ಲಿ ತಿರುಗಿಸಿದರೆ ಹೋಗಿ ಕೂರಬೇಕು. ಒಂದು ಮೂಲೆ ಎದ್ದಿದ್ದರೆ ಸ್ಪ್ಯಾನರ್ ಬಲದಿಂದ ಎಳೆದು ಕೂರಿಸಬೇಡಿ, ಚಿಪ್ಪು ತಿರುಚಿಕೊಂಡು ದಿನ ಕಳೆದ ಮೇಲೆ ಬಿರಿಯುತ್ತೆ. ಎತ್ತರ ಸರಿಹೊಂದಿಸುವ ಶಿಮ್ ಹಾಕಿ. ನೈಲಾನ್ ಲಾಕ್ ನಟ್ ಹೊಸದೇ ಇರಲಿ. ಉಕ್ಕಿಗೆ ಉಕ್ಕು ತಾಗುವ ಕಡೆ, ಒಣ ಎಂ8 8.8 ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್. ಚಿಪ್ಪಿಗೆ ಹೋಗುವ ಬೋಲ್ಟಿಗೆ ಸೀಟು ಕಂಪನಿ ಕೊಟ್ಟ ಅಂಕಿಯೇ ಪ್ರಮಾಣ. ನೂರು ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

7. ಬೆಲ್ಟು: ಮೊಳಕಾಲ್ಮೂರು ಮಗ್ಗದ ಪಾಠ

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಯಿಂದ ಬಂದ ಗೆಳೆಯರಿಗೆ ಹಾಸು ಹೊಕ್ಕಿನ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಸೀಟ್ ಬೆಲ್ಟೂ ನೇಯ್ದ ಪಟ್ಟಿಯೇ, ಎಳೆ ಮಾತ್ರ ಪಾಲಿಯೆಸ್ಟರ್. ಉದ್ದಕ್ಕೆ ಎಳೆದಾಗ ಬಲ ಹೊರೋದು ಹಾಸಿನ ಎಳೆಗಳು. ಹೊಕ್ಕು ಅವನ್ನು ಒಟ್ಟಿಗೆ ಹಿಡಿದಿಡುತ್ತೆ. ಬೆಲ್ಟಿನ ಅಂಚು ತಗಡಿಗೆ ಉಜ್ಜಿ ಎರಡು ಮಿ.ಮೀ. ಕೊಯ್ದುಹೋದರೆ ಅಷ್ಟು ಹಾಸಿನ ಎಳೆ ಹೋಯಿತು, ಮತ್ತೆ ಬಲ ಬಿದ್ದಾಗ ಹರಿಯೋಕೆ ಶುರುವಾಗೋದೂ ಅಲ್ಲಿಂದಲೇ. ಬಿಸಿಲೂ ಎಳೆಯನ್ನು ತಿನ್ನುತ್ತೆ. ನಮ್ಮ ಕಡೆಯ ಬಿಸಿಲಿಗೆ ಗಾಜಿನ ಹಿಂದೆ ವರ್ಷಗಟ್ಟಲೆ ಬಿದ್ದಿರುವ ಹಾರ್ನೆಸ್ಸನ್ನು ಬಣ್ಣ ಮಾಸಿದೆ ಅಂತಲೇ ಬಿಟ್ಟುಬಿಡಬೇಕು.

ರೇಸಿಂಗ್ ಸೀಟು, ಹಾರ್ನೆಸ್, ರೋಲ್ ಕೇಜ್ ಮೂರೂ ಒಂದೇ ಸಂಸಾರ. ಅರ್ಧ ತಂದು ಅರ್ಧ ಬಿಟ್ಟರೆ ಕಂಪನಿ ಕಾರಿಗಿಂತ ಅಪಾಯ.

ಕಂಪನಿ ಬೆಲ್ಟು, ರೇಸಿಂಗ್ ಸೀಟು: ಸೀಟಿನ ಎತ್ತರದ ಅಂಚು ಸೊಂಟದ ಪಟ್ಟಿಯನ್ನು ಎತ್ತಿ ಹೊಟ್ಟೆ ಮೇಲೆ ಕೂರಿಸುತ್ತೆ. ಪಟ್ಟಿ ಸೊಂಟದ ಮೂಳೆ ಮೇಲೆ ಇರಬೇಕು. ಹೊಟ್ಟೆ ಮೇಲಿದ್ದರೆ 11 ಕಿಲೋನ್ಯೂಟನ್ನಿನ ಪಾಲು ಕರುಳಿಗೆ.

ನಾಲ್ಕು ಪಟ್ಟಿಯ ಹಾರ್ನೆಸ್: ಭುಜದ ಪಟ್ಟಿ ಎಳೆದಾಗ ಸೊಂಟದ ಪಟ್ಟಿ ಮೇಲೇರುತ್ತೆ, ಮೈ ಅದರ ಅಡಿಯಿಂದ ಜಾರುತ್ತೆ. ತೊಡೆ ನಡುವಿನ ಪಟ್ಟಿ ಇರುವ ಐದು ಅಥವಾ ಆರು ಪಟ್ಟಿಯದು ಬೇಕಾಗೋದು ಇದಕ್ಕೇ.

ಭುಜದ ಪಟ್ಟಿ ಹಿಂದಿನ ನೆಲಕ್ಕೆ: ಪಟ್ಟಿ 45 ಡಿಗ್ರಿ ಕೆಳಗಿಳಿದಿದ್ದು ಅದರಲ್ಲಿ 5 ಕಿಲೋನ್ಯೂಟನ್ ಎಳೆತ ಇದ್ದರೆ, ಭುಜವನ್ನು ಕೆಳಕ್ಕೆ ಒತ್ತುವ ಬಲ 3.5. ಬೆನ್ನುಮೂಳೆ ಕುಸಿಯೋಕೆ ಇದು ದಾರಿ. 10 ಡಿಗ್ರಿ ಇದ್ದರೆ 0.9 ಮಾತ್ರ. ಎಫ್ಐಎ ನಿಯಮದಲ್ಲೂ 45 ಡಿಗ್ರಿ ದಾಟುವಂತಿಲ್ಲ.

ಕೇಜ್ ಇಲ್ಲದೆ ಹಾರ್ನೆಸ್: ಕಾರು ಉರುಳಿ ಚಾವಣಿ ಒಳಕ್ಕೆ ಬಂದರೆ ಕಂಪನಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ಬಾಗೋಕೆ ಸ್ವಲ್ಪ ಎಡೆ ಇರುತ್ತೆ. ಹಾರ್ನೆಸ್ ಮೈಯನ್ನು ನೆಟ್ಟಗೆ ಕಂಬದ ಹಾಗೆ ಹಿಡಿಯುತ್ತೆ, ಚಾವಣಿಯ ಭಾರ ನೇರ ಕುತ್ತಿಗೆಗೆ.

8. ರಸ್ತೆಗೋ, ಟ್ರ್ಯಾಕಿಗೋ?

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವ, ಕಂಪನಿ ಹೇಳಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವ ಹಾಗಿಲ್ಲ. ಕೇಜ್ ಹಾಕೋಕೆ ಹಿಂದಿನ ಸೀಟು ತೆಗೆದರೆ ಆಸನ ಸಂಖ್ಯೆಯೇ ಬದಲಾಯಿತು, ಅದು ಆರ್‌ಸಿಯಲ್ಲಿದೆ. 2019ರ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಸಜೆ, ಅಥವಾ ಎರಡೂ ವಿಧಿಸಬಹುದು ಅಂತ ಇದೆ. ದಂಡದ ಮಾತು ಬಿಡಿ, ಅಪಘಾತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಯೂ ಇದೇ ಆಗಬಹುದು.

ನಮ್ಮ ಸಲಹೆ ಸರಳ. ದಿನಾ ಕಾಲೇಜಿಗೆ ಬರುವ ಕಾರಾದರೆ ಕಂಪನಿ ಸೀಟು, ಮೂರು ಬಿಂದುವಿನ ಬೆಲ್ಟು ಹಾಗೇ ಇರಲಿ. ಸೀಟಿನ ಬೋಲ್ಟು, ಕೆಳಗಿನ ತುಕ್ಕು, ಬೆಲ್ಟಿನ ಅಂಚು ನೋಡಿ ರಿಪೇರಿ ಮಾಡಿಸಿ. ಅಷ್ಟರಿಂದಲೇ ಕಾರು ಮೊದಲಿಗಿಂತ ಸುರಕ್ಷಿತ ಆಗುತ್ತೆ. ರೇಸಿಂಗ್ ಸೀಟಿನ ಆಸೆ ಇದ್ದವರು ಬಾಹಾ, ಸುಪ್ರಾ ತಂಡ ಸೇರಿ. ಅಲ್ಲಿ ಸೀಟು, ಹಾರ್ನೆಸ್, ರೋಲ್ ಕೇಜ್ ಮೂರನ್ನೂ ಒಟ್ಟಿಗೇ ಲೆಕ್ಕ ಹಾಕಿ ಕಟ್ಟಬೇಕು. ಪರಿಶೀಲನೆಗೆ ಬರುವವರು ಬೋಲ್ಟಿನ ತಲೆಯ ಗುರುತು ಓದುವವರೇ ಆಗಿರುತ್ತಾರೆ.

9. ನೀವೇ ಲೆಕ್ಕ ಹಾಕಿ

ಅ) ಗಂಟೆಗೆ 40 ಕಿ.ಮೀ. ವೇಗದ ಕಾರು 0.5 ಮೀಟರ್‌ನಲ್ಲಿ ನಿಂತಿತು. 80 ಕೆ.ಜಿ. ಚಾಲಕನಿಗೆ ಬಂದ ಸರಾಸರಿ ಬಲ ಎಷ್ಟು?

ಆ) ಪ್ಲೇಟು ಸಿಗಲಿಲ್ಲ ಅಂತ ಒಬ್ಬರು 24 ಮಿ.ಮೀ. ವ್ಯಾಸದ ದೊಡ್ಡ ವಾಷರ್ ಹಾಕಿದರು. ತಗಡು 1 ಮಿ.ಮೀ. ಎಷ್ಟು ಬಲಕ್ಕೆ ಹರಿಯುತ್ತೆ? 15 ಕಿಲೋನ್ಯೂಟನ್ ನಿಯಮಕ್ಕೆ ಸಾಕಾ?

ಇ) ಮೂರನೇ ಭಾಗದಲ್ಲಿ ಬೆಲ್ಟು ಸೀಟಿಗೇ ಬಿಗಿದ ಲೆಕ್ಕದಲ್ಲಿ ಬೋಲ್ಟುಗಳ ಅಂತರವನ್ನು 0.35ರಿಂದ 0.45 ಮೀಟರ್ ಮಾಡಿದರೆ ಹಿಂದಿನ ಒಂದೊಂದು ಬೋಲ್ಟಿನ ಎಳೆತ ಎಷ್ಟಾಗುತ್ತೆ?

ಈ) ನಿಮ್ಮ ಮನೆಯ ಕಾರಿನಲ್ಲಿ ಮುಂದಿನ ಸೀಟಿನ ಬಕಲ್ ನೆಲಕ್ಕೆ ಬಿಗಿದಿದೆಯಾ, ಸೀಟಿಗಾ? ಇದಕ್ಕೆ ಕ್ಯಾಲ್ಕುಲೇಟರ್ ಬೇಡ, ಟಾರ್ಚ್ ಸಾಕು.

ಉತ್ತರ: ಅ) 9.9 ಕಿಲೋನ್ಯೂಟನ್. ಆ) 13.6 ಕಿಲೋನ್ಯೂಟನ್, ಸಾಕಾಗಲ್ಲ. ಇ) 5 ಕಿಲೋನ್ಯೂಟನ್. ಈ) ಕ್ಲಬ್ಬಿನ ಗುಂಪಿಗೆ ಕಾರಿನ ಹೆಸರು, ವರ್ಷದ ಜೊತೆ ಫೋಟೋ ಹಾಕಿ. ಎಲ್ಲ ಸೇರಿಸಿ ಪಟ್ಟಿ ಮಾಡಿ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.